ಗೂಡುದೀಪ ತಿರುಗಿಸುವ ಸಣ್ಣ ಮೋಟರಿಗೆ ಪಲ್ಸ್‌ಗಳಿಂದ ವೇಗ ನಿಯಂತ್ರಣ: ಹೊಸಬರಿಗೊಂದು ಕೈಪಿಡಿ

ದೀಪಾವಳಿ ಸಮೀಪಿಸಿದಂತೆ ಮಂಗಳೂರು, ಉಡುಪಿ ಕಡೆಗಳಲ್ಲಿ ಗೂಡುದೀಪ ಸ್ಪರ್ಧೆಗೆ ಸಿದ್ಧರಾಗುವವರಲ್ಲಿ ಹಲವರು ತಮ್ಮ ದೀಪ ಮೆಲ್ಲಗೆ ತಿರುಗುತ್ತಿರಬೇಕೆಂದು ಬಯಸುತ್ತಾರೆ. ಅದಕ್ಕೆ ತಕ್ಕ 12 ವೋಲ್ಟಿನ ಸಣ್ಣ ಗೇರ್ ಮೋಟರ್ ಸುಲಭವಾಗಿ ಸಿಗುತ್ತದೆ. ಕಷ್ಟವಿರುವುದು ಅದರ ವೇಗವನ್ನು ಬೇಕಾದ ಮಟ್ಟದಲ್ಲಿ ಹಿಡಿದಿಡುವುದರಲ್ಲಿ. ಅಂಥ ಮೋಟರಿಗೆ ವಿದ್ಯುತ್ತನ್ನು ಪಲ್ಸ್‌ಗಳಾಗಿ ಕೊಟ್ಟು ವೇಗವನ್ನು ನಿಯಂತ್ರಿಸುವ ವಿಧಾನವನ್ನು, 555 ಐಸಿ (ಪಲ್ಸ್ ಉತ್ಪಾದಿಸುವ ಚಿಪ್) ಮತ್ತು ಒಂದು ಮಾಸ್‌ಫೆಟ್ (ವಿದ್ಯುತ್ ಸಿಗ್ನಲ್‌ನಿಂದ ಆನ್, ಆಫ್ ಆಗುವ ಟ್ರಾನ್ಸಿಸ್ಟರ್) ಇರುವ ಸರಳ ಸರ್ಕ್ಯೂಟಿನ ಮೂಲಕ ಇಲ್ಲಿ ವಿವರಿಸಲಾಗಿದೆ. ಶಾಲೆಯ ವಿಜ್ಞಾನ ಮಾದರಿಗೂ, ಆಟಿಕೆ ಕಾರಿಗೂ, ಮೇಜಿನ ಮೇಲಿಡುವ ಪುಟ್ಟ ಫ್ಯಾನಿಗೂ ಇದೇ ಸರ್ಕ್ಯೂಟ್ ಸಾಕಾಗುತ್ತದೆ. ಆದರೆ ಮನೆಯ ಸೀಲಿಂಗ್ ಫ್ಯಾನ್, ನೀರಿನ ಪಂಪು ಮುಂತಾದ 230 ವೋಲ್ಟಿನ ಎಸಿ ಮೋಟರುಗಳಿಗೆ ಇದನ್ನು ಯಾವ ಕಾರಣಕ್ಕೂ ಜೋಡಿಸಬಾರದು. ಇಲ್ಲಿ ಹೇಳುವುದೆಲ್ಲವೂ ಬ್ರಷ್ ಇರುವ, ಕಡಿಮೆ ವೋಲ್ಟೇಜಿನ ಡಿಸಿ ಮೋಟರುಗಳಿಗೆ ಮಾತ್ರ ಅನ್ವಯಿಸುತ್ತದೆ.

ರೆಸಿಸ್ಟರ್ ಹಾಕಿದರೆ ಸಾಲದೇ?

ಮೊದಲು ಹೊಳೆಯುವ ಉಪಾಯವೆಂದರೆ ಮೋಟರಿನ ಜೊತೆಗೆ ಸರಣಿಯಲ್ಲಿ ಒಂದು ರೆಸಿಸ್ಟರ್ ಹಾಕುವುದು. 12 ವೋಲ್ಟಿನ ಮೂಲದಿಂದ ಮೋಟರಿಗೆ 6 ವೋಲ್ಟ್ ಮಾತ್ರ ಸಿಗಬೇಕು, ಆಗ ಅದು 0.4 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಉಳಿದ 6 ವೋಲ್ಟನ್ನು ನುಂಗಲು 15 ಓಮ್‌ನ ರೆಸಿಸ್ಟರ್ ಬೇಕು, ಮತ್ತು ಅದರಲ್ಲಿ 2.4 ವಾಟ್ ಶಾಖವಾಗಿ ಹೋಗುತ್ತದೆ. ನಾವು ಸಾಮಾನ್ಯವಾಗಿ ಬಳಸುವ ಕಾಲು ವಾಟಿನ ರೆಸಿಸ್ಟರ್ ಇದರಲ್ಲಿ ಕ್ಷಣಮಾತ್ರದಲ್ಲಿ ಕರಕಲಾಗುತ್ತದೆ.

ಶಾಖಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಗಾಳಿ ಬೀಸಿಯೋ ಭಾರ ವಾಲಿಯೋ ಮೋಟರಿನ ಮೇಲಿನ ಹೊರೆ ಹೆಚ್ಚಾದಾಗ ಅದು ಹೆಚ್ಚು ಪ್ರವಾಹವನ್ನು ಬೇಡುತ್ತದೆ. ಪ್ರವಾಹ ಹೆಚ್ಚಿದಷ್ಟೂ ರೆಸಿಸ್ಟರಿನಲ್ಲಿ ಕಳೆಯುವ ವೋಲ್ಟೇಜ್ ಹೆಚ್ಚುತ್ತದೆ. ಹೀಗಾಗಿ ಮೋಟರಿಗೆ ಬಲ ಬೇಕಾದ ಹೊತ್ತಿನಲ್ಲೇ ಅದಕ್ಕೆ ಸಿಗುವ ವೋಲ್ಟೇಜ್ ಕುಸಿದು ಅದು ನಿಂತುಬಿಡುತ್ತದೆ. ನಿಧಾನ ವೇಗದಲ್ಲಿ ನಂಬಿಕೆಯಿಂದ ತಿರುಗಬೇಕಾದ ಯಾವ ಕೆಲಸಕ್ಕೂ ಈ ವಿಧಾನ ಒಗ್ಗುವುದಿಲ್ಲ.

ಪಲ್ಸ್ ವಿಧಾನದಲ್ಲಿ ವೋಲ್ಟೇಜನ್ನು ಇಳಿಸುವುದೇ ಇಲ್ಲ. ಪೂರ್ಣ 12 ವೋಲ್ಟನ್ನೇ ಕೊಡುತ್ತೇವೆ, ಆದರೆ ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಸಲ ಆನ್ ಮತ್ತು ಆಫ್ ಮಾಡುತ್ತೇವೆ. ಒಂದು ಆವರ್ತದಲ್ಲಿ ಆನ್ ಇರುವ ಪಾಲಿಗೆ ಡ್ಯೂಟಿ ಸೈಕಲ್ ಎನ್ನುತ್ತಾರೆ. ಅದು ಶೇ. 50 ಇದ್ದರೆ ಮೋಟರಿಗೆ ಸರಾಸರಿ 6 ವೋಲ್ಟ್, ಶೇ. 25 ಇದ್ದರೆ 3 ವೋಲ್ಟ್ ಸಿಕ್ಕಂತಾಗುತ್ತದೆ. ಸ್ವಿಚ್ಚಿನಂತೆ ವರ್ತಿಸುವ ಮಾಸ್‌ಫೆಟ್ ಪೂರ್ಣ ಆನ್ ಇದ್ದಾಗ ಅದರಲ್ಲಿ ವೋಲ್ಟೇಜ್ ಬಹುತೇಕ ಕಳೆಯುವುದಿಲ್ಲ, ಪೂರ್ಣ ಆಫ್ ಇದ್ದಾಗ ಪ್ರವಾಹವೇ ಇರುವುದಿಲ್ಲ. ಆದುದರಿಂದ ಎರಡು ಸ್ಥಿತಿಗಳಲ್ಲಿಯೂ ಶಾಖವಾಗಿ ಪೋಲಾಗುವ ಶಕ್ತಿ ತೀರಾ ಕಡಿಮೆ.

ಆಫ್ ಇರುವ ಹೊತ್ತಿನಲ್ಲಿ ಏನಾಗುತ್ತದೆ

ಹೊಸಬರಿಗಾಗಿ ಬರೆದ ಬಹಳಷ್ಟು ವಿವರಣೆಗಳು ಇಲ್ಲಿಗೇ ನಿಲ್ಲುತ್ತವೆ. ನನ್ನ ಅಭಿಪ್ರಾಯದಲ್ಲಿ ಕಲಿಯಬೇಕಾದ ವಿಷಯ ಆರಂಭವಾಗುವುದು ಇಲ್ಲಿಂದಲೇ, ಏಕೆಂದರೆ ಸರ್ಕ್ಯೂಟ್ ಉಳಿಯುವುದೋ ಸುಡುವುದೋ ಎಂಬುದನ್ನು ನಿರ್ಧರಿಸುವುದು ಆಫ್ ಇರುವ ಆ ಅತ್ಯಲ್ಪ ಕಾಲ.

ಮೋಟರಿನೊಳಗಿನ ಸುರುಳಿಗೆ ಇಂಡಕ್ಟೆನ್ಸ್ ಇರುವುದರಿಂದ ಅದರಲ್ಲಿ ಹರಿಯುತ್ತಿರುವ ಪ್ರವಾಹ ಥಟ್ಟನೆ ನಿಲ್ಲಲಾರದು. ಮಾಸ್‌ಫೆಟ್ ದಾರಿಯನ್ನು ಮುಚ್ಚಿದ ಕ್ಷಣದಲ್ಲಿ, ಸುರುಳಿಯ ಕಾಂತಕ್ಷೇತ್ರದಲ್ಲಿ ಸಂಗ್ರಹವಾಗಿದ್ದ ಶಕ್ತಿ ಅದೇ ಪ್ರವಾಹವನ್ನು ಮುಂದುವರಿಸಲು ಯತ್ನಿಸುತ್ತದೆ. ಬೇರೆ ದಾರಿ ಸಿಗದಿದ್ದರೆ ಮಾಸ್‌ಫೆಟ್‌ನ ಡ್ರೈನ್ ಕಾಲಿನಲ್ಲಿ, ಅಂದರೆ ಮೋಟರಿಗೆ ಜೋಡಿಸಿದ ಕಾಲಿನಲ್ಲಿ, ವೋಲ್ಟೇಜ್ 12ರಿಂದ ಮೇಲೇರುತ್ತಾ ಅದರ ಸಹನೆಯ ಮಿತಿಯನ್ನು ದಾಟುತ್ತದೆ. ಐಆರ್‌ಎಫ್‌ಝಡ್ 44ಎನ್ ಮಾಸ್‌ಫೆಟ್‌ಗೆ ಆ ಮಿತಿ 55 ವೋಲ್ಟ್. ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಈ ಹೊಡೆತ ಬಿದ್ದರೆ ಅದು ಹೆಚ್ಚು ಕಾಲ ಬಾಳುವುದಿಲ್ಲ.

ಪರಿಹಾರ ಒಂದೇ ಒಂದು ಡಯೋಡ್. ಅದನ್ನು ಮೋಟರಿನ ಎರಡು ತುದಿಗಳ ನಡುವೆ ಹಿಮ್ಮುಖವಾಗಿ, ಅಂದರೆ ಪಟ್ಟಿ ಇರುವ ತುದಿ ಧನ ತಂತಿಯ ಕಡೆಗಿರುವಂತೆ ಜೋಡಿಸಬೇಕು. ಆನ್ ಇರುವಾಗ ಈ ಡಯೋಡ್ ಏನನ್ನೂ ಮಾಡುವುದಿಲ್ಲ. ಆಫ್ ಆದ ಕ್ಷಣ ಮೋಟರಿನ ಪ್ರವಾಹ ಈ ಡಯೋಡಿನ ಮೂಲಕ ಸುತ್ತಿ ಮೋಟರಿಗೇ ಮರಳುತ್ತದೆ ಮತ್ತು ಶಾಫ್ಟನ್ನು ತಿರುಗಿಸುವ ಕೆಲಸವನ್ನು ಮುಂದುವರಿಸುತ್ತದೆ. ಅಂದರೆ ಈ ಡಯೋಡ್ ರಕ್ಷಣೆಯ ಬಿಡಿಭಾಗ ಮಾತ್ರವಲ್ಲ, ವೇಗ ನಿಯಂತ್ರಣದ ಅರ್ಧ ಕೆಲಸವನ್ನು ಅದೇ ಮಾಡುತ್ತದೆ.

ಇದರಿಂದ ಹುಟ್ಟುವ ಒಂದು ಸೋಜಿಗವನ್ನು ಮಲ್ಟಿಮೀಟರಿನಿಂದ ನೀವೇ ನೋಡಬಹುದು. ಶೇ. 50 ಡ್ಯೂಟಿಯಲ್ಲಿ ಮೋಟರಿನ ಸುರುಳಿಯಲ್ಲಿ ಸರಾಸರಿ 0.4 ಆಂಪಿಯರ್ ಹರಿಯುತ್ತಿದ್ದರೆ ಅಡಾಪ್ಟರಿನಿಂದ ಬರುವ ಸರಾಸರಿ ಪ್ರವಾಹ 0.2 ಆಂಪಿಯರಿನ ಆಸುಪಾಸಿನಲ್ಲಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ: 12 ವೋಲ್ಟ್ ಗುಣಿಸು 0.2 ಆಂಪಿಯರ್ ಎಂದರೆ 2.4 ವಾಟ್; 6 ವೋಲ್ಟ್ ಗುಣಿಸು 0.4 ಆಂಪಿಯರ್ ಎಂದರೂ 2.4 ವಾಟ್. ರೆಸಿಸ್ಟರ್ ವಿಧಾನದಲ್ಲಿ ಅಡಾಪ್ಟರ್ 4.8 ವಾಟ್ ಕೊಡಬೇಕಾಗಿದ್ದ ಕೆಲಸ ಇಲ್ಲಿ ಅರ್ಧಕ್ಕೆ ಮುಗಿಯುತ್ತದೆ. ಡಯೋಡಿನಲ್ಲಿ ಕಳೆಯುವ ಅಲ್ಪಸ್ವಲ್ಪವನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ.

ಡಯೋಡ್ ಯಾವುದಾದರೂ ಆದೀತೇ ಎಂದರೆ, ಎಲ್ಲ ಅಂಗಡಿಗಳಲ್ಲಿಯೂ ಸಿಗುವ 1ಎನ್4007 ನಿಧಾನವಾಗಿ ಚೇತರಿಸಿಕೊಳ್ಳುವ ಜಾತಿಯದು. 50 ಹರ್ಟ್ಸ್‌ನ ಮನೆಯ ವಿದ್ಯುತ್ತಿಗೆಂದು ಮಾಡಿದ್ದು. ಕಡಿಮೆ ಆವೃತ್ತಿಯಲ್ಲಿ ಅದು ಹೇಗೋ ನಿಭಾಯಿಸುತ್ತದೆಯಾದರೂ ಆವೃತ್ತಿ ಏರಿದಂತೆ ತಾನೂ ಬಿಸಿಯಾಗಿ ಮಾಸ್‌ಫೆಟ್ಟನ್ನೂ ಬಿಸಿ ಮಾಡುತ್ತದೆ. 1 ಆಂಪಿಯರ್ ತನಕ 1ಎನ್5819, 3 ಆಂಪಿಯರ್ ತನಕ 1ಎನ್5822 ಎಂಬ ಶಾಟ್ಕಿ ಡಯೋಡುಗಳನ್ನು ಕೇಳಿ ಪಡೆಯಿರಿ. ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಮೋಟರನ್ನು ಆರಿಸುವುದು, ಅಳೆಯುವುದು

ಗೂಡುದೀಪ ನಿಮಿಷಕ್ಕೆ ನಾಲ್ಕೈದು ಸುತ್ತು ತಿರುಗಿದರೆ ನೋಡಲು ಚೆನ್ನ. ಅದಕ್ಕಾಗಿ ನಿಮಿಷಕ್ಕೆ 200 ಸುತ್ತಿನ ಮೋಟರನ್ನು ತಂದು ಅದನ್ನು ಶೇ. 3 ಡ್ಯೂಟಿಗೆ ಇಳಿಸಲು ಹೋಗಬೇಡಿ. ಅಷ್ಟು ಕೆಳಗೆ ಮೋಟರ್ ತನ್ನೊಳಗಿನ ಘರ್ಷಣೆಯನ್ನೇ ಮೀರಲಾರದೆ ಸುಮ್ಮನೆ ಗುಂಯ್‌ಗುಡುತ್ತಾ ನಿಂತಿರುತ್ತದೆ. ಗೇರ್ ವೇಗವನ್ನು ಇಳಿಸಿ ತಿರುಗುಬಲವನ್ನು ಹೆಚ್ಚಿಸುತ್ತದೆ. ಪಲ್ಸ್ ವೇಗವನ್ನಷ್ಟೇ ಇಳಿಸುತ್ತದೆ, ಬಲವನ್ನು ಹೆಚ್ಚಿಸುವುದಿಲ್ಲ. ಹಾಗಾಗಿ ನಿಮಿಷಕ್ಕೆ 10 ಸುತ್ತಿನ ಗೇರ್ ಮೋಟರನ್ನು ಕೊಂಡು, ಅದನ್ನು ಶೇ. 40ರಿಂದ 60ರ ನಡುವೆ ಓಡಿಸುವುದೇ ಸರಿಯಾದ ಕ್ರಮ. ವಿದ್ಯಾರ್ಥಿಗಳು ರೋಬೋಟಿನಲ್ಲಿ ಬಳಸುವ ಹಳದಿ ಬಣ್ಣದ ಬಿಒ ಮೋಟರ್ 3ರಿಂದ 6 ವೋಲ್ಟಿನದು; ಅದನ್ನು ಈ 12 ವೋಲ್ಟಿನ ಸರ್ಕ್ಯೂಟಿಗೆ ಹಾಕಬೇಡಿ.

ಮುಂದಿನ ಪ್ರಶ್ನೆ, ಮೋಟರ್ ಹೆಚ್ಚೆಂದರೆ ಎಷ್ಟು ಪ್ರವಾಹ ಎಳೆದೀತು ಎಂಬುದು. ಓಡುತ್ತಿರುವ ಮೋಟರ್ ತಾನೇ ಒಂದು ವಿರುದ್ಧ ವೋಲ್ಟೇಜನ್ನು ಉತ್ಪಾದಿಸುವುದರಿಂದ ಅದರ ಪ್ರವಾಹ ಕಡಿಮೆಯಿರುತ್ತದೆ. ಶಾಫ್ಟ್ ನಿಂತಿರುವಾಗ, ಅಂದರೆ ಹೊರಡುವ ಕ್ಷಣದಲ್ಲಿ ಅಥವಾ ಏನಾದರೂ ಸಿಕ್ಕಿಕೊಂಡಾಗ, ಆ ವಿರೋಧವಿಲ್ಲದೆ ಸುರುಳಿಯ ರೋಧವೊಂದೇ ಪ್ರವಾಹವನ್ನು ತಡೆಯುತ್ತದೆ. ಇದಕ್ಕೆ ಸ್ಟಾಲ್ ಪ್ರವಾಹ ಎನ್ನುತ್ತಾರೆ. ಮಲ್ಟಿಮೀಟರನ್ನು ಓಮ್ ಸ್ಥಾನದಲ್ಲಿಟ್ಟು ಮೋಟರಿನ ತುದಿಗಳಲ್ಲಿ ಅಳೆಯಿರಿ. 12 ಓಮ್ ತೋರಿಸಿದರೆ ಸ್ಟಾಲ್ ಪ್ರವಾಹ 12 ವೋಲ್ಟಿನಲ್ಲಿ 1 ಆಂಪಿಯರ್. ಬ್ರಷ್ ಕೂತಿರುವ ಜಾಗವನ್ನು ಅವಲಂಬಿಸಿ ಅಳತೆ ಬದಲಾಗುವುದರಿಂದ ಮೋಟರನ್ನು ತುಸು ಓಡಿಸಿ ನಿಲ್ಲಿಸಿ ಮತ್ತೆ ಮತ್ತೆ ಅಳೆದು, ಸಿಕ್ಕಿದ್ದರಲ್ಲಿ ಅತಿ ಕಡಿಮೆಯದನ್ನು ಲೆಕ್ಕಕ್ಕೆ ಹಿಡಿಯಿರಿ. ನಿಧಾನ ಗೇರ್ ಮೋಟರಿನ ಶಾಫ್ಟನ್ನು ಕೈಯಿಂದ ಬಲವಂತವಾಗಿ ತಿರುಗಿಸಿದರೆ ಹಲ್ಲುಗಳು ಮುರಿಯುತ್ತವೆ. ಮಾಸ್‌ಫೆಟ್, ಡಯೋಡ್, ಅಡಾಪ್ಟರ್ ಮೂರನ್ನೂ ಈ ಸ್ಟಾಲ್ ಪ್ರವಾಹವನ್ನು ನೋಡಿಯೇ ಆರಿಸಬೇಕು. ಫ್ಯೂಸ್ ಮಾತ್ರ ಓಟದ ಪ್ರವಾಹಕ್ಕಿಂತ ಮೇಲೆ, ಸ್ಟಾಲ್ ಪ್ರವಾಹಕ್ಕಿಂತ ಕೆಳಗೆ ಇರುವ, ಕ್ಷಣಕಾಲದ ಹೆಚ್ಚುವರಿ ಪ್ರವಾಹಕ್ಕೆ ಸುಡದ ಸ್ಲೋ ಬ್ಲೋ ಜಾತಿಯದಿರಲಿ.

ಸರ್ಕ್ಯೂಟನ್ನು ಜೋಡಿಸುವ ಕ್ರಮ

555 ಐಸಿಯನ್ನು ಹ್ಯಾನ್ಸ್ ಕ್ಯಾಮೆಂಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ವಿನ್ಯಾಸಗೊಳಿಸಿದರು. ಅರ್ಧ ಶತಮಾನ ದಾಟಿದರೂ ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಪಲ್ಸ್ ಉತ್ಪಾದಿಸಲು ಇದಕ್ಕಿಂತ ಸುಲಭದ ಸಾಧನ ನನಗೆ ಕಾಣುವುದಿಲ್ಲ.

ಐಸಿಯ 1ನೇ ಕಾಲನ್ನು ಗ್ರೌಂಡಿಗೂ (ಅಡಾಪ್ಟರಿನ ಋಣ ತಂತಿಗೂ), 8 ಮತ್ತು 4ನೇ ಕಾಲುಗಳನ್ನು 12 ವೋಲ್ಟಿಗೂ ಜೋಡಿಸಿ. 5ನೇ ಕಾಲಿನಿಂದ ಗ್ರೌಂಡಿಗೆ 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. 2 ಮತ್ತು 6ನೇ ಕಾಲುಗಳನ್ನು ಒಂದಕ್ಕೊಂದು ಸೇರಿಸಿ, ಆ ಸಂಧಿಯಿಂದ ಗ್ರೌಂಡಿಗೆ ಇನ್ನೊಂದು 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಕಾಲವನ್ನು ಅಳೆಯುವ ಕೆಪಾಸಿಟರ್ ಇದೇ. 12 ವೋಲ್ಟಿನಿಂದ 7ನೇ ಕಾಲಿಗೆ 1 ಕಿಲೋ ಓಮ್ ರೆಸಿಸ್ಟರ್ ಬರಲಿ.

ಈಗ 100 ಕಿಲೋ ಓಮ್‌ನ ಪೊಟೆನ್ಶಿಯೋಮೀಟರ್, ಅಂದರೆ ಗುಬ್ಬಿ (ನಾಬ್) ತಿರುಗಿಸಿ ರೋಧವನ್ನು ಬದಲಿಸುವ ರೆಸಿಸ್ಟರ್. ಅದರ ನಡುವಿನ ಕಾಲನ್ನು ಐಸಿಯ 7ನೇ ಕಾಲಿಗೆ ಕೊಡಿ. ಅಂಚಿನ ಎರಡು ಕಾಲುಗಳಿಂದ ಒಂದೊಂದು 1ಎನ್4148 ಡಯೋಡ್ ಹೊರಟು 2 ಮತ್ತು 6ರ ಸಂಧಿಯಲ್ಲಿ ಕೂಡಬೇಕು, ಆದರೆ ಒಂದರ ಪಟ್ಟಿ ಸಂಧಿಯ ಕಡೆಗೂ ಇನ್ನೊಂದರ ಪಟ್ಟಿ ಪೊಟೆನ್ಶಿಯೋಮೀಟರಿನ ಕಡೆಗೂ ಇರಬೇಕು. ಹೀಗೆ ಮಾಡುವುದರಿಂದ ಕೆಪಾಸಿಟರ್ ತುಂಬುವುದು ಒಂದು ಡಯೋಡಿನ ದಾರಿಯಲ್ಲಿ, ಖಾಲಿಯಾಗುವುದು ಇನ್ನೊಂದರ ದಾರಿಯಲ್ಲಿ ನಡೆಯುತ್ತದೆ. ಗುಬ್ಬಿಯನ್ನು ತಿರುಗಿಸಿದಾಗ ಒಂದು ದಾರಿಯ ರೋಧ ಹೆಚ್ಚಿದಷ್ಟೇ ಇನ್ನೊಂದರದು ಕಡಿಮೆಯಾಗುವುದರಿಂದ ಒಟ್ಟು ಕಾಲ ಬದಲಾಗದೆ ಆನ್ ಮತ್ತು ಆಫ್‌ಗಳ ಪಾಲು ಮಾತ್ರ ಸುಮಾರು ಶೇ. 1ರಿಂದ 99ರ ತನಕ ಬದಲಾಗುತ್ತದೆ. ಪುಸ್ತಕದ ಸೂತ್ರದ ಪ್ರಕಾರ ಆವೃತ್ತಿ 1.4 ಕಿಲೋಹರ್ಟ್ಸ್ ಬರಬೇಕು. ಆದರೆ ಆ ಸೂತ್ರ ಡಯೋಡಿನಲ್ಲಿ ಕಳೆಯುವ 0.7 ವೋಲ್ಟನ್ನು ಗಣಿಸದಿರುವುದರಿಂದ ನಿಜವಾಗಿ ಸಿಗುವುದು 1.2 ಕಿಲೋಹರ್ಟ್ಸ್‌ನ ಸಮೀಪ.

ಇನ್ನು ಶಕ್ತಿಯ ಭಾಗ. 3ನೇ ಕಾಲಿನಿಂದ 100 ಓಮ್ ರೆಸಿಸ್ಟರಿನ ಮೂಲಕ ಐಆರ್‌ಎಫ್‌ಝಡ್ 44ಎನ್‌ನ ಗೇಟಿಗೆ ತಂತಿ ಬರಲಿ. ಬರಹ ನಿಮ್ಮ ಕಡೆಗಿರುವಂತೆ ಹಿಡಿದರೆ ಎಡದಿಂದ ಗೇಟ್, ಡ್ರೈನ್, ಸೋರ್ಸ್ ಎಂಬ ಕ್ರಮದಲ್ಲಿ ಕಾಲುಗಳಿರುತ್ತವೆ. ಹಿಂದಿನ ಲೋಹದ ಹಲಗೆಯೂ ಡ್ರೈನಿಗೇ ಸೇರಿರುವುದರಿಂದ ಅದು ಬೇರೆ ಯಾವ ಲೋಹಕ್ಕೂ ತಗಲಬಾರದು. ಸೋರ್ಸ್ ಗ್ರೌಂಡಿಗೆ, ಡ್ರೈನ್ ಮೋಟರಿನ ಒಂದು ತುದಿಗೆ, ಮೋಟರಿನ ಇನ್ನೊಂದು ತುದಿ ಫ್ಯೂಸಿನ ಮೂಲಕ 12 ವೋಲ್ಟಿಗೆ. ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್ ಹಾಕಲು ಮರೆಯಬೇಡಿ. ಗೇಟ್ ಒಂದು ಪುಟ್ಟ ಕೆಪಾಸಿಟರಿನಂತೆ ಚಾರ್ಜನ್ನು ಹಿಡಿದಿಟ್ಟುಕೊಳ್ಳುವುದರಿಂದ, ಸಿಗ್ನಲ್ ತಂತಿ ಕಳಚಿದರೆ ಮೋಟರ್ ತನ್ನಷ್ಟಕ್ಕೆ ಓಡುತ್ತಲೇ ಇರಬಹುದು ಅಥವಾ ಮಾಸ್‌ಫೆಟ್ ಅರೆಬರೆ ಆನ್ ಆಗಿ ಸುಡಬಹುದು. ಈ ರೆಸಿಸ್ಟರ್ ಆ ಚಾರ್ಜನ್ನು ಇಳಿಸಿ ಆಫ್ ಸ್ಥಿತಿಯನ್ನು ಖಚಿತಪಡಿಸುತ್ತದೆ.

ಶಾಟ್ಕಿ ಡಯೋಡನ್ನು ಮೋಟರಿನ ಎರಡು ತುದಿಗಳಲ್ಲೇ ಬೆಸೆಯಿರಿ. ಬ್ರಷ್‌ಗಳ ಕಿಡಿಯಿಂದ ಬರುವ ಗದ್ದಲಕ್ಕೆ ಅಲ್ಲಿಯೇ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇರಲಿ. ಐಸಿಯ 8 ಮತ್ತು 1ನೇ ಕಾಲುಗಳ ಪಕ್ಕದಲ್ಲಿ ಇನ್ನೊಂದು 0.1, ಸರ್ಕ್ಯೂಟಿಗೆ ವಿದ್ಯುತ್ ಬರುವ ಜಾಗದಲ್ಲಿ 25 ವೋಲ್ಟ್, 470 ಮೈಕ್ರೊಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಒಂದು. ಮೋಟರಿನ ದಪ್ಪ ಪ್ರವಾಹ ಹರಿಯುವ ಗ್ರೌಂಡ್ ತಂತಿ ಸೋರ್ಸ್ ಕಾಲಿನಿಂದ ನೇರವಾಗಿ ಈ ಎಲೆಕ್ಟ್ರೋಲಿಟಿಕ್‌ಗೆ ಹೋಗಲಿ, ಐಸಿಯ ಗ್ರೌಂಡ್ ತಂತಿಯ ಮೇಲೆ ಹಾದುಹೋಗದಿರಲಿ.

ಮೊದಲ ಪರೀಕ್ಷೆ

ಮೋಟರನ್ನು ಆಮೇಲೆ ಜೋಡಿಸಿದರಾಯಿತು. ಮೊದಲು ಅದರ ಜಾಗದಲ್ಲಿ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್‌ನ ಒಂದು ತುಂಡನ್ನು ಹಾಕಿ. ಗುಬ್ಬಿಯನ್ನು ತಿರುಗಿಸಿದಂತೆ ಬೆಳಕು ಮಂದದಿಂದ ಪ್ರಖರಕ್ಕೆ ಒಂದೇ ಸಮನೆ ಬದಲಾದರೆ ಪಲ್ಸ್ ಭಾಗ ಸರಿಯಿದೆ ಎಂದರ್ಥ. ಬಳಿಕ ಮೋಟರ್ ಜೋಡಿಸಿ, ಗುಬ್ಬಿಯನ್ನು ಮುಕ್ಕಾಲಿಗೆ ಇಟ್ಟು ವಿದ್ಯುತ್ ಕೊಟ್ಟು, ತಿರುಗಲಾರಂಭಿಸಿದ ಮೇಲೆ ಬೇಕಾದ ವೇಗಕ್ಕೆ ಇಳಿಸಿ. ನಿಂತ ಮೋಟರನ್ನು ಹೊರಡಿಸಲು ಬೇಕಾಗುವ ಬಲ ಓಡುವ ಮೋಟರನ್ನು ಓಡಿಸುತ್ತಿರಲು ಬೇಕಾಗುವ ಬಲಕ್ಕಿಂತ ಹೆಚ್ಚು, ಹಾಗಾಗಿ ಶೇ. 20ರಲ್ಲಿ ಓಡುತ್ತಿರುವ ಮೋಟರ್ ಒಮ್ಮೆ ನಿಂತರೆ ಅದೇ ಶೇ. 20ರಲ್ಲಿ ಮತ್ತೆ ಹೊರಡದೆ ಇರಬಹುದು. ರಾತ್ರಿಯಿಡೀ ಓಡಬೇಕಾದ ಗೂಡುದೀಪವನ್ನು, ವಿದ್ಯುತ್ ಹೋಗಿ ಬಂದಾಗಲೂ ತಾನಾಗಿ ಹೊರಡುವಷ್ಟು ಡ್ಯೂಟಿಯಲ್ಲಿಯೇ ಇಡಬೇಕು.

ಮೋಟರಿನ ತುದಿಗಳಲ್ಲಿ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಅಳೆದಾಗ ಸರಾಸರಿ ವೋಲ್ಟೇಜ್ ಕಾಣುತ್ತದೆ. ಹೊರೆಯಿಲ್ಲದೆ ಓಡುತ್ತಿರುವ ಮೋಟರಿನಲ್ಲಿ ಈ ಅಂಕಿ ಲೆಕ್ಕಕ್ಕಿಂತ ಹೆಚ್ಚು ಬಂದರೆ ಗಾಬರಿ ಬೇಡ. ಆಫ್ ಹೊತ್ತಿನಲ್ಲಿ ಸುರುಳಿಯ ಪ್ರವಾಹ ಪೂರ್ತಿ ಬತ್ತಿದ ಮೇಲೆ, ತಿರುಗುತ್ತಿರುವ ಮೋಟರ್ ಜನರೇಟರಿನಂತೆ ಉತ್ಪಾದಿಸುವ ವೋಲ್ಟೇಜ್ ತುದಿಗಳಲ್ಲಿ ಕಾಣಿಸಿಕೊಳ್ಳುತ್ತದೆ, ಮೀಟರ್ ಅದನ್ನೂ ಸರಾಸರಿಗೆ ಸೇರಿಸುತ್ತದೆ. ಹಗುರ ಹೊರೆಯ ಮೋಟರ್ ಕಡಿಮೆ ಡ್ಯೂಟಿಯಲ್ಲಿಯೂ ನಿರೀಕ್ಷೆಗಿಂತ ವೇಗವಾಗಿ ಓಡುವುದರ ಹಿಂದೆಯೂ ಇದೇ ಕಾರಣವಿದೆ.

ಗುಂಯ್‌ಗುಡುವ ಸದ್ದು

1.2 ಕಿಲೋಹರ್ಟ್ಸ್ ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಆವೃತ್ತಿಯಾದುದರಿಂದ ಮೋಟರ್ ಸಣ್ಣಗೆ ಕೀರಲು ದನಿ ಹೊರಡಿಸುತ್ತದೆ. ಅಂಗಳದಲ್ಲಿ ಪಟಾಕಿಯ ನಡುವೆ ಅದು ಯಾರಿಗೂ ಕೇಳದು, ದೇವರ ಕೋಣೆಯಲ್ಲಿಟ್ಟರೆ ಕಿರಿಕಿರಿಯಾದೀತು. ಕಾಲದ ಕೆಪಾಸಿಟರನ್ನು 470 ಪಿಕೊಫ್ಯಾರಡ್‌ಗೆ ಬದಲಿಸಿದರೆ ಆವೃತ್ತಿ ಸುಮಾರು 26 ಕಿಲೋಹರ್ಟ್ಸ್‌ಗೆ ಏರಿ ಮನುಷ್ಯರ ಶ್ರವಣದ ಮಿತಿಯಾದ 20 ಕಿಲೋಹರ್ಟ್ಸ್ ದಾಟುತ್ತದೆ. ಆದರೆ ಮಾಸ್‌ಫೆಟ್ ಆನ್‌ನಿಂದ ಆಫ್‌ಗೆ ಸಾಗುವ ಪ್ರತಿ ಸಲವೂ ಒಂದಿಷ್ಟು ಶಾಖ ಹುಟ್ಟುವುದರಿಂದ ಆವೃತ್ತಿ ಏರಿದಷ್ಟೂ ಅದು ಬಿಸಿಯಾಗುತ್ತದೆ, ಜೊತೆಗೆ ಬಹಳ ನಿಧಾನದಲ್ಲಿ ಮೋಟರ್ ಹೊರಡಲು ಇನ್ನಷ್ಟು ತಕರಾರು ಮಾಡುತ್ತದೆ. ಸದ್ದು ತೊಂದರೆಯಾಗದಿದ್ದಲ್ಲಿ ಕಡಿಮೆ ಆವೃತ್ತಿಯನ್ನೇ ಉಳಿಸಿಕೊಳ್ಳುವುದು ಮೇಲು.

ಆರ್ಡುಯಿನೊ ಬಳಸುವುದಾದರೆ

ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡಾದ ಆರ್ಡುಯಿನೊ ಊನೊದಲ್ಲಿ 3, 5, 6, 9, 10, 11ನೇ ಪಿನ್ನುಗಳು ಅನಲಾಗ್‌ರೈಟ್ ಆದೇಶದಿಂದ ಪಲ್ಸ್ ಕೊಡುತ್ತವೆ; 0 ಎಂದರೆ ಪೂರ್ಣ ಆಫ್, 255 ಎಂದರೆ ಪೂರ್ಣ ಆನ್, 128 ಎಂದರೆ ಅರ್ಧ. ಆವೃತ್ತಿ 490 ಹರ್ಟ್ಸ್, 5 ಮತ್ತು 6ರಲ್ಲಿ ಮಾತ್ರ 980. ಪಿನ್ನಿನ ಗರಿಷ್ಠ ಸಹನೆ 40 ಮಿಲಿಆಂಪಿಯರ್, ಕ್ಷೇಮದ ಮಟ್ಟ ಅದರರ್ಧ. ಆದುದರಿಂದ ಎಷ್ಟೇ ಪುಟ್ಟ ಮೋಟರನ್ನಾದರೂ ನೇರವಾಗಿ ಪಿನ್ನಿಗೆ ಜೋಡಿಸಬಾರದು.

ಇಲ್ಲಿ ಮಾಸ್‌ಫೆಟ್ ಬದಲಾಗಬೇಕು. 12 ವೋಲ್ಟಿನಲ್ಲಿ ಓಡುವ 555 ಗೇಟಿಗೆ 10 ವೋಲ್ಟಿಗೂ ಹೆಚ್ಚು ಕೊಡುತ್ತಿತ್ತು, ಆರ್ಡುಯಿನೊ ಕೊಡುವುದು 5 ವೋಲ್ಟ್. ಐಆರ್‌ಎಫ್‌ಝಡ್ 44ಎನ್ 5 ವೋಲ್ಟಿಗೆ ಪೂರ್ತಿ ತೆರೆದುಕೊಳ್ಳುವ ಭರವಸೆಯಿಲ್ಲ. ಲಾಜಿಕ್ ಮಟ್ಟದ ಐಆರ್‌ಎಲ್‌ಝಡ್ 44ಎನ್ ಕೇಳಿ. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸವಿರುವುದರಿಂದ ಅಂಗಡಿಯಲ್ಲಿ ಕೊಟ್ಟದ್ದನ್ನು ಓದಿ ನೋಡಿಯೇ ಹಣ ಕೊಡಿ. ಗೇಟ್ ರೆಸಿಸ್ಟರ್ 220 ಓಮ್ ಇರಲಿ, 10 ಕಿಲೋ ಓಮ್ ಇದ್ದೇ ಇರಲಿ, ಮೋಟರಿನ ಅಡಾಪ್ಟರ್ ಮತ್ತು ಆರ್ಡುಯಿನೊ ಇವುಗಳ ಗ್ರೌಂಡ್ ಒಂದಾಗಲಿ. ಪ್ರೋಗ್ರಾಮಿನಲ್ಲಿ ಮೊದಲ ನೂರು ಮಿಲಿಸೆಕೆಂಡ್ 255 ಕೊಟ್ಟು ಆಮೇಲೆ ಬೇಕಾದ ಮಟ್ಟಕ್ಕೆ ಇಳಿಸಿದರೆ ಹೊರಡುವ ತೊಂದರೆ ನೀಗುತ್ತದೆ. 555ಕ್ಕಿಂತ ಇಲ್ಲಿ ಸಿಗುವ ನಿಜವಾದ ಅನುಕೂಲ ಇದು. ದಿಕ್ಕನ್ನೂ ಬದಲಿಸಬೇಕಿದ್ದರೆ ಎಚ್ ಬ್ರಿಡ್ಜ್, ಅಂದರೆ ಮೋಟರಿಗೆ ಹೋಗುವ ಪ್ರವಾಹವನ್ನು ತಿರುಗುಮುರುಗು ಮಾಡಬಲ್ಲ ಸರ್ಕ್ಯೂಟ್ ಬೇಕು. ಎಲ್ಲೆಡೆ ಸಿಗುವ ಎಲ್298ಎನ್ ಮಾಡ್ಯೂಲ್ ತಾನೇ ಎರಡು ವೋಲ್ಟಿನಷ್ಟು ನುಂಗುವುದರಿಂದ 6 ವೋಲ್ಟಿನ ಮೋಟರುಗಳಿಗೆ ಮಾಸ್‌ಫೆಟ್ ಇರುವ ಟಿಬಿ6612 ಉತ್ತಮ.

ದೀಪಕ್ಕೆ ಅಳವಡಿಸುವಾಗ

ಗೂಡುದೀಪದ ಭಾರವನ್ನು ಮೋಟರಿನ ಶಾಫ್ಟಿಗೆ ನೇತುಹಾಕಬೇಡಿ. ಭಾರವನ್ನು ಒಂದು ಬೇರಿಂಗ್ ಹೊರಲಿ, ಮೋಟರ್ ತಿರುಗಿಸುವ ಕೆಲಸವನ್ನಷ್ಟೇ ಮಾಡಲಿ. ಒಳಗಿನ ಬಲ್ಬಿನ ತಂತಿ ಸುತ್ತಿಕೊಂಡು ತುಂಡಾಗದಂತೆ, ಬಲ್ಬನ್ನು ನಿಶ್ಚಲವಾಗಿಟ್ಟು ಬಿದಿರಿನ ಚೌಕಟ್ಟನ್ನು ಮಾತ್ರ ತಿರುಗಿಸುವುದು ಅಥವಾ ಒಳಗೆ ಬ್ಯಾಟರಿಯ ಎಲ್‌ಇಡಿ ಇಡುವುದು ಒಳ್ಳೆಯದು. ಕರಾವಳಿಯ ಉಪ್ಪುಗಾಳಿ ಮತ್ತು ತೇವಕ್ಕೆ, ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನ ಹಿಡಿಗಳು ಬೇಗ ಕಿಲುಬು ಹಿಡಿಯುವುದರಿಂದ ಪರೀಕ್ಷೆ ಮುಗಿದ ಮೇಲೆ ಸರ್ಕ್ಯೂಟನ್ನು ಪಿಸಿಬಿಗೆ ಬೆಸೆದು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. 230 ವೋಲ್ಟಿನ ಅಡಾಪ್ಟರ್ ಮನೆಯೊಳಗೇ ಇದ್ದು, ಹೊರಗೆ 12 ವೋಲ್ಟಿನ ತಂತಿ ಮಾತ್ರ ಬರಲಿ. ದೀಪಾವಳಿಯ ಹೊತ್ತಿಗೆ ಸಂಜೆಯ ಗುಡುಗುಮಳೆ ಇನ್ನೂ ಬರುತ್ತಿರುತ್ತದೆ. ಮಿಂಚು ಶುರುವಾಗುವ ಮೊದಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿ.

ಗುಬ್ಬಿ ಎಲ್ಲಿದ್ದರೂ ಮೋಟರ್ ಪೂರ್ಣ ವೇಗದಲ್ಲಿಯೇ ಓಡುತ್ತಿದ್ದರೆ ವಿದ್ಯುತ್ ತೆಗೆದು, ಗೇಟ್ ಮತ್ತು ಸೋರ್ಸ್ ಕಾಲುಗಳನ್ನು ಒಂದು ತಂತಿಯಿಂದ ಸೇರಿಸಿ, ಮಾಸ್‌ಫೆಟ್‌ನ ಡ್ರೈನ್ ಮತ್ತು ಸೋರ್ಸ್ ನಡುವೆ ಓಮ್ ಅಳೆಯಿರಿ. ಎರಡೂ ದಿಕ್ಕಿನಲ್ಲಿ ಸೊನ್ನೆಯ ಸಮೀಪ ಬಂದರೆ ಮಾಸ್‌ಫೆಟ್ ಸತ್ತಿದೆ. ಹೊಸದನ್ನು ಹಾಕುವ ಮೊದಲು ಮೋಟರಿನ ಮೇಲಿನ ಡಯೋಡಿನ ಬೆಸುಗೆ ಬಿಟ್ಟಿದೆಯೇ ಎಂದು ನೋಡಿ. ಮಾಸ್‌ಫೆಟ್ ಸರಿಯಿದ್ದರೆ 555ರ ಡಯೋಡುಗಳಲ್ಲೊಂದು ತಿರುಗುಮುರುಗಾಗಿದೆಯೇ ಎಂದು ಪರೀಕ್ಷಿಸಿ.